ಕುರ್ಚಿ ತರಲು ಹೋದವಳು

ಮೊದಲು ಆ ಸೂಟ್‌ಕೇಸ್ ಮುಚ್ಚು. ಮುಚ್ಚು ಅಂದೆ. ಒಂದು ಕಾಗದ ಬಂತು ಅಂತ ಬಟ್ಟೆ ಮಡಚೋಕೆ ಕೂತರೆ ಹೇಗೆ? ಎಲ್ಲಿ, ಇನ್ನೊಂದು ಸಲ ಓದ್ತೀನಿ. 'ರೋಗಿಯನ್ನು ಹಿಡಿದಿದ್ದಾಗ ನಿರ್ಲಕ್ಷ್ಯ… ಇಂಟರ್ನ್‌ಶಿಪ್ ರದ್ದು.' ರದ್ದಂತೆ! ಏಳುನೂರ ಅರವತ್ತು ಗಂಟೆ ಆ ಆಸ್ಪತ್ರೇಲಿ ಬೆನ್ನು ಮುರ್ಕೊಂಡು ದುಡಿದಿದ್ದೀಯ. ಇನ್ನು ನಲವತ್ತು ಬಾಕಿ ಇತ್ತು ನಿನಗೆ, ಬರೀ ನಲವತ್ತು…

ಯಾಕೆ ನಗ್ತೀಯ? ನಾನು ಕೂಗಾಡೋದು ತಮಾಷೆಯಾಗಿ ಕಾಣತ್ತಾ? ಈ ಮನೇಲಿ ಯಾರಾದರೂ ಕೂಗಾಡಬೇಕಲ್ಲ ಮಾರಾಯ್ತಿ. ನೀನಂತೂ ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ.

ಈ ಜಾಗ ಸಿಗೋಕೆ ಏನು ಪಾಡು ಪಟ್ವಿ, ಮರೆತುಹೋಯ್ತಾ? ಫಿಸಿಯೋಥೆರಪಿ ಓದಿ ಪರೀಕ್ಷೆ ಪಾಸಾದ್ರೆ ಸಾಲದು, ಎಂಟುನೂರು ಗಂಟೆ ಆಸ್ಪತ್ರೇಲಿ ಕೆಲಸ ಮಾಡಿ ಸಹಿ ಹಾಕಿಸ್ಕೊಂಡು ಬಂದ್ರೇನೇ ಡಿಗ್ರಿ. ಸರಿ ತಾಯಿ, ಮಾಡ್ತೀವಿ, ಜಾಗ ತೋರಿಸು ಅಂದ್ರೆ ಯೂನಿವರ್ಸಿಟಿ ಆಫೀಸಿನ ಮೇಡಂ ಏನಂದ್ಲು? ಹೊರದೇಶದವರು ನೀವೇ ಹುಡುಕ್ಕೋಬೇಕು ಅಂದ್ಲು. ನಲವತ್ತೊಂದು ಕಡೆ ಬರೆದ್ವಿ, ಇದೇ ಮೇಜಿನ ಆ ಕಡೆ ನೀನು, ಈ ಕಡೆ ನಾನು. ಮೂವತ್ತೊಂಬತ್ತು ಕಡೆಯಿಂದ ಉತ್ತರಾನೇ ಇಲ್ಲ. ಒಂದು ಕಡೆಯವರು, ನೀವು ಮಾತಾಡೋ ಧಾಟಿ ನಮ್ಮ ರೋಗಿಗಳಿಗೆ ಅರ್ಥ ಆಗಲ್ಲ ಅಂದ್ರು. ಉಳಿದದ್ದು ಈ ಆಸ್ಪತ್ರೆ ಒಂದೇ, ಇಬ್ಬರನ್ನೂ ತಗೊಂಡ್ರು. ಇಲ್ಲಿನ ಹುಡುಗೀರಿಗೇನು, ಈ ವರ್ಷ ಆಗದಿದ್ರೆ ಮುಂದಿನ ವರ್ಷ. ನಮಗೆ ಕೋರ್ಸ್ ನಿಂತ ದಿನವೇ ವೀಸಾನೂ ನಿಲ್ಲತ್ತೆ. ಅದು ಗೊತ್ತಿದ್ದೇ ಕುಣಿಸ್ತಾರೆ ನಮ್ಮನ್ನ.

ಅದರಲ್ಲೂ ಆ ಮೇಲ್ವಿಚಾರಕ, ಸಹಿರಾಯ. ಒಳ್ಳೇ ಹೆಸರಿಟ್ಟೆ ನೀನು ಅವನಿಗೆ. ಸಹಿ ಬಿಟ್ಟು ಬೇರೇನು ಮಾಡಿದ್ದಾನೆ ಆ ಮನುಷ್ಯ? ರೋಗಿ ಎದ್ದು ನಿಲ್ಲುವಾಗ ಅವನು ಪಕ್ಕದಲ್ಲಿ ಇರಲೇಬೇಕು ಅಂತ ನಿಯಮ. ಒಂದು ದಿನ ಇದ್ನಾ? ಹಾಸಿಗೆ ಬದಲಾಯಿಸೋಕೆ ನಾವು, ನೆಲ ಒರೆಸೋಕೆ ನಾವು, ವಾಂತಿ ಬಳಿಯೋಕೆ ನಾವು. ಇದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು ಬೇರೆ. ಐದು ತಿಂಗಳಲ್ಲಿ ನನ್ನ ಹೆಸರನ್ನ ಒಂದೇ ಒಂದು ಸಲ ನೆಟ್ಟಗೆ ಹೇಳಲಿಲ್ಲ ಅವನು.

ಹೋದ ಮಂಗಳವಾರ ಅವನು ಅಲ್ಲಿದ್ದಿದ್ರೆ ಡ್ರೈವರ್ ತಾತ ಬೀಳ್ತಾನೇ ಇರಲಿಲ್ಲ. ಮೂವತ್ತು ವರ್ಷ ಬಸ್ ಓಡಿಸಿದ ಜೀವ, ಲಕ್ವ ಹೊಡೆದು ಮಾತು ಹೋಗಿ, ಮಗುವಿನ ಹಾಗೆ ನಮ್ಮ ಕೈಲಿ ಹೆಜ್ಜೆ ಕಲೀತಿದ್ರು. ಅವತ್ತು ಆರು ಹೆಜ್ಜೆ ಇಟ್ರು. ಸುಸ್ತಾದ್ರು ಅಂತ ನೀನು ಗಾಲಿಕುರ್ಚಿ ತರೋಕೆ ಹೋದೆ. ಬೀಳದ ಹಾಗೆ ತಾತನ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡ್ಕೊಂಡು ನಿಂತಿದ್ದು ನಾನು. ಕೊಂಡಿ ಹಳೇದು, ಬಿಚ್ಚಿಕೊಳ್ತು. ಅಷ್ಟೇ ಆಗಿದ್ದು. ಸಹಿರಾಯನಿಗೂ ಅಷ್ಟೇ ಹೇಳಿದೆ. ಅವನು ನೋಡಿದ್ರೆ, ಹಿಡ್ಕೊಂಡಿದ್ದವಳು ನೀನು ಅಂತ ಬರೆದಿದ್ದಾನೆ! ಯಾಕೆ ಹೇಳು? ಕೊಂಡಿ ಹಳೇದು ಅಂದ್ರೆ ಆಸ್ಪತ್ರೆ ತಪ್ಪಾಗತ್ತೆ. ನೀನು ಅಂದ್ರೆ, ಊರು ಬಿಟ್ಟು ಬಂದ ಒಂದು ಹುಡುಗಿ ತಪ್ಪು. ಕೇಳೋರು ಯಾರು?

ಏನು ಹಾಗೆ ನೋಡ್ತೀಯ?

ಹಳೇದಾಗಿತ್ತು ಕಣೇ. …ಸರಿ, ಹೋದ ತಿಂಗಳು ಬಂದ ಬೆಲ್ಟೇ ಇರಲಿ. ಹೊಸದು ಬಿಚ್ಚಿಕೊಳ್ಳಲ್ವಾ? ತಾತನ ಸೊಂಟದ ಮೂಳೆ ಮುರಿದದ್ದು ನನಗೇನು ಸಂತೋಷಾನಾ? ಒಂದು ಫೋನ್ ಎತ್ತೋಕೆ ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ…

ಇಲ್ಲ, ಫೋನ್ ಅಂದ್ನಾ ನಾನು?

ಏನಾದ್ರೂ ಮಾತಾಡೇ. ಸುಳ್ಳಿ ಅನ್ನು. ಆ ಸೂಟ್‌ಕೇಸ್ ಎತ್ತಿ ನನ್ನ ಮೇಲೆ ಬಿಸಾಕು.

…ಊರಿಂದ ಮಗಳು ಕಣೇ. ಎರಡು ದಿನದಿಂದ ಮಾತಿಗೆ ಸಿಕ್ಕಿರಲಿಲ್ಲ. ನಾನು ಹೊರಡೋ ಹೊತ್ತಿಗೆ ಅವಳು ಸ್ಕೂಲಲ್ಲಿ, ನಾನು ಬರೋ ಹೊತ್ತಿಗೆ ಮಲಗಿರ್ತಾಳೆ. ಜೇಬಲ್ಲಿ ಫೋನ್ ಗುರ್ ಅಂತು. ಒಂದು ಕೈ ಬಿಟ್ಟೆ. ಆಮೇಲೆ ಇನ್ನೊಂದೂ ಬಿಟ್ಟೆ. 'ಅಮ್ಮಾ, ನನ್ನ ಹಲ್ಲು ಬಿತ್ತು' ಅಂದ್ಲು. ತಿರುಗಿ ನೋಡೋಷ್ಟರಲ್ಲಿ ತಾತ ನೆಲದ ಮೇಲಿದ್ರು. ಕೂಗೋಕೂ ಬಾಯಿ ಬರಲ್ಲ ಅವರಿಗೆ. ಸಹಿರಾಯ ಓಡಿ ಬಂದ, ಯಾರು ಹಿಡ್ಕೊಂಡಿದ್ದು ಅಂದ. ನೀನಿನ್ನೂ ಕುರ್ಚಿ ತಂದಿರಲಿಲ್ಲ.

'ಅವಳು' ಅಂತ ಬಾಯಿಂದ ಬಂದುಬಿಡ್ತು.

ಬಂದುಬಿಡ್ತು ಏನು, ಹೇಳಿದೆ. ಹೆದರಿ ಓಡಿಹೋದ್ಲು ಅಂತಾನೂ ಸೇರಿಸಿದೆ. ಹನ್ನೆರಡು ಗಂಟೆ ಬಾಕಿ ನನ್ನದು. ಹನ್ನೆರಡೇ. ನಮ್ಮಮ್ಮನಿಗೆ ಮಂಡಿ ನೋವು, ಇನ್ನೆಷ್ಟು ದಿನ ಆ ಮಗು ಹಿಂದೆ ಓಡ್ತಾಳೆ? ನಿನಗಿನ್ನೂ ಇಪ್ಪತ್ತೆರಡು, ಹೇಗೋ ಆಗತ್ತೆ ಅಂದ್ಕೊಂಡೆ. ಎಷ್ಟು ಸಲೀಸಾಗಿ ಅಂದ್ಕೊಂಡೆ ನೋಡು. ಈ ಮನೆಗೆ ಬಂದ ದಿನದಿಂದ ಬಾಯಿ ತುಂಬ ಅಕ್ಕಾ ಅಂತೀಯ ನೀನು ನನ್ನ.

ಕಾಗದ ಓದಿದ ಕೂಡಲೇ ಗೊತ್ತಾಗಿತ್ತು ಅಲ್ವಾ ನಿನಗೆ? ಆ ಕೋಣೇಲಿ ಇದ್ದದ್ದು ಮಾತು ಬಾರದ ತಾತ, ಇನ್ನು ನಾನು. ಬೇರೆ ಯಾರು ಹೇಳೋಕೆ ಸಾಧ್ಯ? ಗೊತ್ತಿದ್ದೂ ಬೆಳಗ್ಗೆ ನನಗೆ ಟೀ ಮಾಡಿಕೊಟ್ಟೆ. ನಾನು ಕುಡಿದೆ. ಕುಡೀತಾ ಅವನನ್ನ ಬೈದೆ.

ಇದೇನು? …ಮೇಲ್ಮನವಿ ಅರ್ಜಿ. ಇವತ್ತು ಸಂಜೆ ಐದರೊಳಗೆ. ನಿನ್ನ ಭಾಗ ಎಲ್ಲ ತುಂಬಿಸಿದ್ದೀಯ. 'ಸ್ಥಳದಲ್ಲಿದ್ದವರ ಹೇಳಿಕೆ'… ಇಲ್ಲಿ ಮಾತ್ರ ಖಾಲಿ. ಬೆಳಗ್ಗೆನೇ ಬರೆದಿಟ್ಟಿದ್ದೆಯಾ? ಬರೆದಿಟ್ಟು, ನಾನು ಕೂಗಾಡಿ ಮುಗಿಸಲಿ ಅಂತ ಕಾಯ್ತಾ ಇದ್ಯಾ?

ಹಾಗೆ ಪೆನ್ನು ಚಾಚಿಕೊಂಡು ನಿಲ್ಲಬೇಡ ಕಣೇ. ಕೈ ಸೋಲತ್ತೆ.

…ಕೊಡು.