ನೂರು ಬಾಲ್ಕನಿಗಳಲ್ಲಿ ಒಂದು

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಎಂಥ ಶ್ರೀಮಂತ? ಅವನು ಸೀನಿದರೆ ಮೂರು ತಾಲ್ಲೂಕಿನವರು ‘ಚಿರಂಜೀವಿ’ ಎನ್ನುತ್ತಿದ್ದರು. ಮಗಳ ಮದುವೆಗೆಂದೇ ಕಲ್ಯಾಣಮಂಟಪ ಕಟ್ಟಿಸಿದ. ಅದರ ಬಾಲ್ಕನಿ, ನೋಡಿ, ಒಂದೂ ಕಂಬವಿಲ್ಲದೆ ಧಾರೆಮಂಟಪದ ನೆತ್ತಿಯವರೆಗೆ ಚಾಚಿತ್ತು. ಅರ್ಧ ಜಿಲ್ಲೆಯನ್ನೇ ಅದರ ಮೇಲೆ ಕೂರಿಸಬಹುದೆಂದು ಕೊಚ್ಚಿಕೊಳ್ಳುತ್ತಿದ್ದ.

ಪರೀಕ್ಷೆಗೆ ಬಂದ ಇಂಜಿನಿಯರಮ್ಮ ಬಾಲ್ಕನಿಯದೇ ಮಾಲು ಎಂದು ಮೇಸ್ತ್ರಿ ಕೊಟ್ಟ ಇಪ್ಪತ್ತು ಕಾಂಕ್ರೀಟು ಮಾದರಿಗಳನ್ನು ಯಂತ್ರದಲ್ಲಿ ಒಡೆಸಿದಳು. ಇಪ್ಪತ್ತೂ ಒಂದೇ ಬಲ. ಶ್ರೀಮಂತ ಮೀಸೆ ತಿರುವಿದ. ಆಕೆ ಹುಬ್ಬು ಗಂಟಿಕ್ಕಿದಳು. ನಿಜವಾದ ಕಾಂಕ್ರೀಟು ಒಂದು ಕಡೆ ಗಟ್ಟಿ, ಒಂದು ಕಡೆ ಮೆದು ಇದ್ದೇ ಇರುತ್ತದೆ. ಇವು ಪರೀಕ್ಷೆಗೆಂದೇ ಸಿಮೆಂಟು ಸುರಿದು ಬೇರೆ ಮಾಡಿದವು ಎಂದಳು. ಬಾಲ್ಕನಿಯನ್ನೇ ಕೊರೆದರೆ ಆರು ತುಂಡಿನಲ್ಲಿ ಎರಡು ರಸ್ಕಿನಂತೆ ಪುಡಿಪುಡಿ. ಅದೂ ಅಲ್ಲದೆ, ಗಟ್ಟಿಮೇಳ ಮೊಳಗಿದಾಗ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ? ಅಕ್ಷತೆ ಎಸೆಯಲು ಎಲ್ಲರೂ ಅಂಚಿಗೇ ನುಗ್ಗುತ್ತಾರೆ. ಆ ಭಾರವನ್ನೂ ಲೆಕ್ಕಕ್ಕೆ ಹಿಡಿದಳು.

“ಇಂಥ ನೂರು ಬಾಲ್ಕನಿ ಕಟ್ಟಿದ್ರೆ ಒಂದು ಬೀಳುತ್ತೆ, ಯಜಮಾನ್ರೇ. ಲಕ್ಷಕ್ಕೆ ಒಂದು ಅಂದಿದ್ರೆ ಸಹಿ ಹಾಕ್ತಿದ್ದೆ. ಕೆಳಗೆ ಎರಡು ಕಂಬ ಕೊಡಿ.”

“ನಾನು ಕಟ್ಟಿರೋದು ಒಂದೇ ಅಲ್ವೇನಮ್ಮ? ನೂರು ಕಟ್ಟಿದೋನಿಗೆ ಹೋಗಿ ಹೇಳು.”

ಕಂಬ ಬಂದರೆ ವಿಡಿಯೋಗೆ ಅಡ್ಡವಂತೆ. ಆಕೆ ಸಹಿ ಹಾಕದೆ ಹೋದಳು. ಇವನು ತೋರಣ ಕಟ್ಟಿಸಿದ.

ಮದುವೆಯ ದಿನ ಗಟ್ಟಿಮೇಳ ಮೊಳಗಿತು. ಧಾರೆಯ ಚೆಂಬು ಹಿಡಿದಿದ್ದ ಶ್ರೀಮಂತ ತಲೆಯೆತ್ತಿದ. ಮೇಲಿನ ಜನವೆಲ್ಲ ಅಂಚಿಗೆ ನುಗ್ಗಿತು. ಎಲ್ಲೋ ಚಟ್ಟೆಂದು ಸದ್ದಾಯಿತು. ಮಗಳ ಬಾಸಿಂಗದ ಮೇಲೆ ಸುಣ್ಣದ ಪುಡಿ ಉದುರಿತು. ಅವನ ಎದೆಯೊಳಗೆ ಗಟ್ಟಿಯಾಗಿ ನಿಂತಿದ್ದ ತೊಂಬತ್ತೊಂಬತ್ತು ಬಾಲ್ಕನಿಗಳೂ ಮಾಯವಾಗಿ, ಬೀಳುವ ಆ ಒಂದೇ ಉಳಿಯಿತು. ಚೆಂಬು ಬಿಟ್ಟ, ಮಗಳ ಕೈ ಬಿಟ್ಟ, ಪಂಚೆ ಎತ್ತಿಕೊಂಡು ಓಡಿದ. ಆ ಓಟ ಯಾವ ಕುದುರೆಗೂ ಬಾರದು. ಚಪ್ಪಲಿ ಬಿಡುವ ಜಾಗ ತಲುಪಿ ತಿರುಗಿ ನೋಡಿದ.

ಬಾಲ್ಕನಿ ಬಿದ್ದಿರಲಿಲ್ಲ. “ನಾನು ಹೇಳ್ಲಿಲ್ವೇ? ನಿಂತಿದೆ!” ಎನ್ನುತ್ತ ಎದೆಯುಬ್ಬಿಸಿ ಒಳಗೆ ಬಂದ. ಮಗಳು ಬಾಸಿಂಗ ಕೊಡವಿಕೊಂಡಳು.

“ನಿಂತಿದೆ, ಅಪ್ಪಾಜಿ. ಬಿದ್ದಿದ್ರೆ ಯಾರ ತಲೆ ಮೇಲೆ ಅಂತ ಲೆಕ್ಕ ಹಾಕಿದ್ರಿ?”

ನಗುತ್ತೀರಾ? ನಗಿ, ನಗಿ. ನಿನ್ನೆ ಏನೂ ಆಗಲಿಲ್ಲ ಎಂಬುದೇ ನಿಮಗೂ ಸರ್ಟಿಫಿಕೇಟು. ಎರಡಂತಸ್ತಿನ ಪಾಯದ ಮೇಲೆ ನಾಲ್ಕನೆಯ ಅಂತಸ್ತು ಏರಿಸಿದವರು ಈ ಸಭೆಯಲ್ಲೇ ಹದಿನೈದು ಜನ ಇದ್ದೀರಿ. ಹೆಲ್ಮೆಟ್ಟನ್ನು ಮೊಣಕೈಗೆ ತೊಟ್ಟು, ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದವರನ್ನು ಎಣಿಸಲು ನನ್ನಿಂದಾಗದು. ಇನ್ನುಮೇಲೆ ‘ಏನೂ ಆಗಲ್ಲ ಬಿಡಿ’ ಎನ್ನುವ ಮುಂಚೆ ಕೇಳಿಕೊಳ್ಳಿ: ಅಕಸ್ಮಾತ್ ಆಗಿಯೇಬಿಟ್ಟರೆ, ಅದರ ಕೆಳಗೆ ಕೂತಿರುವವರು ಯಾರು?

ಅದಕ್ಕೆ ನಾಳೆಯವರೆಗೂ ಕಾಯುವುದು ಬೇಡ. ನನ್ನ ಮುಖ ನೋಡಲು ಈ ಮಹಡಿಯ ಅಂಚಿಗೆ ಜೋತುಬಿದ್ದಿರುವ ಮಹನೀಯರೇ, ಮೊದಲು ಹಿಂದೆ ಸರಿಯಿರಿ. ಕೆಳಗೆ ಕೂಸು ಮಲಗಿದೆ.