ಅಲ್ ಖುವೈರಿನಿಂದ ಎರಡು ಪದ

ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡಿಕೊಂಡ ನಮ್ಮ ಸಂಘದ ಅಧ್ಯಕ್ಷರಾದ ಶ್ರೀ ವಿವೇಕ ಅವರೇ, ಖುರುಮಿನ ತಮ್ಮ ದವಾಖಾನೆಯನ್ನು ಅರ್ಧ ದಿನ ಮುಚ್ಚಿ ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರ್ ಮಾಧುರಿ ಅವರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನ ಫೋನುಗಳೇ, ಮತ್ತು ಕಚ್ಚಾ ಎಣ್ಣೆಯ ಬೆಲೆ ಬಿದ್ದ ಈ ಕಾಲದಲ್ಲೂ ಮಸ್ಕತ್ತಿನಲ್ಲಿ ಇನ್ನೂ ಉಳಿದುಕೊಂಡಿರುವ ನನ್ನ ಪ್ರೀತಿಯ ಸಭಿಕರೇ!

ಈ ಮೈಕನ್ನು ಸ್ವಲ್ಪ ಆಚೆ ಸರಿಸುತ್ತೇನೆ. ತಗಡಿನ ಥೇಟರಿನಲ್ಲಿ ಬೆಳೆದ ಗಂಟಲು ಇದು. ನಮ್ಮಪ್ಪ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ. ನಾನು ತೊಟ್ಟಿಲಿನಲ್ಲಿ ಅತ್ತರೆ ಹಾರ್ಮೋನಿಯಮ್ಮಿನ ಕರಿ ನಾಲ್ಕರ ಶ್ರುತಿಗೆ ಹೊಂದುತ್ತಿತ್ತಂತೆ! ಅಂಥ ಬಸವಂತ ನಾನು. ವಾರವೆಲ್ಲ ಸೊಹಾರಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನುಗಳ ಉಸ್ತುವಾರಿ; ಹದಿನಾಲ್ಕು ವರ್ಷ ಈ ಸಂಘದ ನಾಟಕಗಳ ನಿರ್ದೇಶಕ; ಮತ್ತು ಆ ಹದಿನಾಲ್ಕೂ ನಾಟಕಗಳಲ್ಲಿ ರಾಜ. ಬೇರೆ ಯಾರಿಗಾದರೂ ಕಿರೀಟ ಕೊಟ್ಟೆನೇ? ಕೊಡಲಿಲ್ಲ. ಅಳತೆ ನನ್ನ ತಲೆಯದಾಗಿತ್ತು.

ಸಭಿಕರೇ, ಈ ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ ಇದೆ. ನೋಡಿದಿರಾ? ಶಾಲು ಇದೆ, ಹಾರ ಇದೆ, ಖರ್ಜೂರದ ಡಬ್ಬಿ ಇದೆ. ಕೂರಬೇಕಾದವರು ಎಲ್ಲಿ? ಇಪ್ಪತ್ತೊಂದು ವರ್ಷ ಅಲ್ ಖುವೈರಿನ ಒಂದು ಪೈಪ್‌ಲೈನ್ ಕಂಪನಿಯಲ್ಲಿ ಫೈಲುಗಳನ್ನು ಕಾಪಾಡಿದ, ಮಗಳನ್ನು ಒಬ್ಬರೇ ಬೆಳೆಸಿದ, ಹದಿನಾಲ್ಕು ವರ್ಷ ನಮ್ಮ ನಾಟಕಗಳಲ್ಲಿ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆಗಿದ್ದ ಶ್ರೀಮತಿ ಉಮಾವತಿಯವರು ಎಲ್ಲಿ? ಅಗೋ, ಎಡಗಡೆಯ ಪರದೆಯ ಹಿಂದೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ನನ್ನ ಭಾಷಣದ ನಾಲ್ಕು ಹಾಳೆ ಹಿಡಿದು ಕುಳಿತಿದ್ದಾರೆ! ತಮ್ಮದೇ ಬೀಳ್ಕೊಡುಗೆಗೂ ಪ್ರಾಂಪ್ಟರ್ ಅವರೇ! ಸಂಜೆ ಕೇಳಿಕೊಂಡೆ: "ಉಮಕ್ಕಾ, ಇವತ್ತೊಂದಿನ ಕುರ್ಚಿ ಮ್ಯಾಲ ಕೂಡ್ರಿ." ಅವರೆಂದರು: "ನಿಮಗೆ ಎರಡನೇ ಹಾಳೆಯಲ್ಲಿ ಮರೆತುಹೋಗ್ತದೆ ಬಸವಂತಣ್ಣ. ನಾನು ಅಲ್ಲಿ ಕೂತ್ರೆ ಇಲ್ಲಿ ಮಾತು ಕೊಡುದು ಯಾರು?"

ಶುಕ್ರವಾರದ ವಿಮಾನಕ್ಕೆ ಅವರು ಮಂಗಳೂರಿಗೆ ಹೊರಡುತ್ತಾರೆ. ಅಷ್ಟರೊಳಗೆ ನಾನು ಅವರಿಗೆ ಹೇಳಲೇಬೇಕಾದ ಒಂದು ಮಾತಿದೆ. ಆರು ವರ್ಷದಿಂದ ಈ ಗಂಟಲಿನಲ್ಲಿ ಕುಳಿತಿದೆ. ಈ ಗಂಟಲಿನಲ್ಲಿ ಒಂದು ಮಾತು ಆರು ವರ್ಷ ಸುಮ್ಮನೆ ಕುಳಿತಿತ್ತೆಂದರೆ ನಂಬುತ್ತೀರಾ? ನಂಬಬೇಕು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು, ದಯವಿಟ್ಟು ನನ್ನ ಜೊತೆ ಕೆನಡಾಕ್ಕೆ ಬನ್ನಿ.

ನಗಬೇಡಿ. ದಾರಿ ಅಲ್ಲಿಂದಲೇ ಇದೆ.

ಕಳೆದ ನವೆಂಬರಿನಲ್ಲಿ ನಮ್ಮ ನಾಟಕ ನಿಂತುಹೋಯಿತು. ಎಣ್ಣೆಯ ಬೆಲೆ ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ನಮ್ಮ ಮಂತ್ರಿಗೆ ನೋಟೀಸು ಬಂತು. ಸೇನಾಪತಿಯ ವೀಸಾ ಖಲಾಸ್. ದ್ವಾರಪಾಲಕರಿಬ್ಬರೂ ಒಂದೇ ವಿಮಾನದಲ್ಲಿ ಊರು ಸೇರಿದರು. ಒಬ್ಬನೇ ಉಳಿದ ರಾಜ ಯಾರ ಮೇಲೆ ಗುಡುಗಬೇಕು? ಮನೆಯಲ್ಲಿ ಹೆಂಡತಿ ಹುಲಿಗೆವ್ವನ ಮೇಲೆ ಗುಡುಗಿ ನೋಡಿದೆ. "ಮೊದಲ ಗ್ಯಾಸ್ ಸಿಲಿಂಡರ್ ಎತ್ತಿಡ್ರಿ ಮಹಾರಾಜರೇ, ಆಮ್ಯಾಲ ಗುಡುಗುವಿರಂತ" ಎಂದಳು.

ನಾಟಕವಿಲ್ಲದ ಪ್ರಾಂಪ್ಟರ್ ಏನು ಮಾಡಿದರು? ಉಮಕ್ಕನ ಮಗಳು ತೃಷಾ, ಅದೋ ಅಲ್ಲಿ ಕುಳಿತಿದ್ದಾಳೆ, ಇಂಟರ್ನೆಟ್ಟಿನಲ್ಲಿ ಒಂದು ಬಳಗ ಸೇರಿದ್ದಳು. ಲೋಕದ ನಾನಾ ಮೂಲೆಯ ಜನ. ಅವರ ಕೆಲಸ ಒಂದೇ. ಕೆನಡಾ ದೇಶದಲ್ಲಿ ಯಾರೂ ಕೇಳದ ಹಾಡುಗಾರರನ್ನು ಹುಡುಕುವುದು, ಕೇಳುವುದು, ಕೇಳಿದ್ದನ್ನು ಅವರಿಗೆ ಬರೆದು ತಿಳಿಸುವುದು. ದೊಡ್ಡ ಹೆಸರುಗಳಿಗೆ ಅಲ್ಲಿ ಪ್ರವೇಶವಿಲ್ಲ! ಗ್ಯಾರೇಜಿನಲ್ಲಿ ಹಾಡುವವರು, ಚರ್ಚಿನ ನೆಲಮಾಳಿಗೆಯಲ್ಲಿ ಪಿಟೀಲು ನುಡಿಸುವವರು, ಲಾರಿ ಓಡಿಸಿ ಬಂದು ಗಿಟಾರ್ ಹಿಡಿಯುವವರು. ಹನ್ನೆರಡನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಮಗಳು, "ಅಮ್ಮಾ, ಐ ಹ್ಯಾವ್ ನೋ ಟೈಮ್, ಯೂ ಲಿಸನ್ ನೋ" ಎಂದು ತನ್ನ ಜಾಗವನ್ನು ತಾಯಿಗೆ ಬಿಟ್ಟುಕೊಟ್ಟಳು.

ತಾಯಿ ಕೇಳಿದರು. ಹೇಗೆ ಕೇಳಿದರು? ಪ್ರಾಂಪ್ಟರ್ ಕೇಳುವ ಹಾಗೆ. ಸಣ್ಣ ಹಾಡುಗಾರರು ತಮ್ಮ ಸಾಹಿತ್ಯವನ್ನು ಎಲ್ಲೂ ಅಚ್ಚು ಹಾಕಿಸಿರುವುದಿಲ್ಲ. ಉಮಕ್ಕ ಒಂದೊಂದು ಹಾಡನ್ನೂ ಹತ್ತು ಸಲ ಕೇಳಿ, ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆದು, ಉಸಿರು ತೆಗೆಯುವ ಜಾಗಕ್ಕೆ ಕೆಂಪು ಪೆನ್ನಿನ ಗೀಟು ಹಾಕಿ, ಫೋಟೋ ತೆಗೆದು ಹಾಡಿದವರಿಗೇ ಕಳಿಸಿದರು. ಆ ಗೀಟು ನಾನು ಅವರಿಗೆ ಕಲಿಸಿದ್ದು. ಅದನ್ನು ನೀವು ಗಮನಿಸಬೇಕು. ಇರಲಿ. ಒಬ್ಬ ಮುದುಕ ಉತ್ತರ ಬರೆದನಂತೆ: "ಅಮ್ಮಾ, ಮೂವತ್ತು ವರ್ಷದಿಂದ ಹಾಡುತ್ತಿದ್ದೇನೆ. ನನ್ನ ಹಾಡನ್ನು ನಾನೇ ಓದಿದ್ದು ಇವತ್ತು."

ಹೀಗೆ ಸಿಕ್ಕವಳು ವಿಕ್ಟೋರಿಯಾ. ಕೆನಡಾದ ಆಲ್ಬರ್ಟಾ ಎಂಬ ಪ್ರಾಂತದವಳು. ಆ ಪ್ರಾಂತವೂ ನಮ್ಮ ಹಾಗೆಯೇ ನೆಲದಡಿಯ ಎಣ್ಣೆ ನೆಚ್ಚಿ ಬದುಕುವ ನಾಡು. ಅವಳ ಕಸುಬು ಪೈಪು ಬೆಸುಗೆ ಹಾಕುವುದು! ನಾನು ಇಪ್ಪತ್ತು ವರ್ಷ ವೆಲ್ಡರುಗಳ ನಡುವೆ ಬದುಕಿದವನು. ಒಬ್ಬನಾದರೂ ಹಾಡಿದ್ದನ್ನು ಕೇಳಿಲ್ಲ, ಬೈದದ್ದನ್ನು ಹತ್ತು ಭಾಷೆಯಲ್ಲಿ ಕೇಳಿದ್ದೇನೆ. ಪ್ರತಿ ಗುರುವಾರ ಸಂಜೆ ಏಳಕ್ಕೆ ಆ ಹುಡುಗಿ ತನ್ನ ಗ್ಯಾರೇಜಿನಿಂದ ನೇರ ಪ್ರಸಾರದಲ್ಲಿ ಹಾಡುತ್ತಿದ್ದಳು. ಅವರ ಗುರುವಾರ ಸಂಜೆ ಏಳೆಂದರೆ ನಮಗೆ ಶುಕ್ರವಾರ ಬೆಳಿಗ್ಗೆ ಆರು, ರಜೆ. ಒಂದೇ ಕಟ್ಟಡ, ನಾವು ಮೇಲಿನ ಮನೆ. ಉಮಕ್ಕ ಮಂಗಳೂರಿನ ಪುಂಡಿ, ಅಂದರೆ ಅಕ್ಕಿಯ ಕಡುಬಿನ ಉಂಡೆ, ಬೇಯಿಸಿದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ನಾನೂ ಹುಲಿಗೆವ್ವನೂ ಶೇಂಗಾ ಚಟ್ನಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆವು. ಸಂಗೀತಕ್ಕೆಂದು ಹೋದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಪುಂಡಿಗೆ ಹೋದೆ.

ಈ ಫೆಬ್ರುವರಿಯ ಒಂದು ಶುಕ್ರವಾರ. ಕಂಪ್ಯೂಟರ್ ಪರದೆಯ ಮೇಲೆ ವಿಕ್ಟೋರಿಯಾ ಬಂದಳು. ಕೇಳುತ್ತಿದ್ದವರು ನಲವತ್ತೊಂದು ಜನ, ನಮ್ಮ ಮೂವರನ್ನು ಒಂದೆಂದು ಲೆಕ್ಕ ಹಿಡಿದರೆ. ಕೂತವಳೇ ಅಂದಳು: ಕೆಲಸ ಹೋಯಿತು, ಇದೇ ಕೊನೆಯ ಗುರುವಾರ, ನಾಳೆ ಗಿಟಾರ್ ಕೊಳ್ಳುವವರು ಬರುತ್ತಾರೆ. ಆಮೇಲೆ ಒಂದು ಹಾಡು ಎತ್ತಿಕೊಂಡಳು. ಹಿಂದೊಮ್ಮೆ ಅವಳ ತಂದೆಗೆ ಕೆಲಸ ಹೋದಾಗ ಕಟ್ಟಿದ ಹಾಡು. ಕೆಲಸ ಹೋದ ದಿನ ಅಪ್ಪನ ಊಟದ ಡಬ್ಬಿ ತುಂಬಿದ ಹಾಗೆಯೇ ಮನೆಗೆ ಬಂತು, ಅಷ್ಟೇ ಕಥೆ.

ನಾನು ಚಟ್ನಿಗೆ ಚಮಚ ಹುಡುಕುತ್ತ ಅಡುಗೆಮನೆಯಲ್ಲಿದ್ದೆ. ಕಟ್ಟೆಯ ಮೇಲೆ ಉಮಕ್ಕನ ಆಫೀಸಿನ ಟಿಫಿನ್ ಡಬ್ಬಿ. ಚಮಚ ಅದರಲ್ಲಿರಬಹುದೆಂದು ತೆರೆದೆ. ಹಿಂದಿನ ದಿನದ ಅನ್ನ, ಹುರುಳಿ ಸಾರು, ಒಂದು ಅಗುಳೂ ಕದಲಿಲ್ಲ. ಡಬ್ಬಿ ಮುಚ್ಚಿದೆ. ಹೊರಗೆ ಬಂದು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ; ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಹಾಡನ್ನು ಸಾಲು ಸಾಲಾಗಿ ಹಿಂಬಾಲಿಸುತ್ತಿದ್ದರು. ಇಪ್ಪತ್ತೊಂದು ವರ್ಷದ ಕೆಲಸ ಗುರುವಾರ ಮಧ್ಯಾಹ್ನ ಹೋಗಿತ್ತು. ಶುಕ್ರವಾರ ಬೆಳಿಗ್ಗೆ ಅವರು ನಮಗೆ ಪುಂಡಿ ಬಡಿಸಿದ್ದರು.

ಆಗ ಹಾಡು ನಿಂತಿತು.

ಎರಡನೇ ನುಡಿಯ ಬಾಗಿಲಲ್ಲಿ ವಿಕ್ಟೋರಿಯಾಳಿಗೆ ಮಾತು ತಪ್ಪಿತು. ಗಿಟಾರ್ ಒಂದೇ ಸ್ವರ ಸುತ್ತುತ್ತಿದೆ. ತುಟಿ ಅಲುಗುತ್ತಿದೆ. ಶಬ್ದವಿಲ್ಲ. ನಾನು ನಾಟಕದವನು, ತಡೆದೇನೇ? "ಕೊಡ್ರೀ ಉಮಕ್ಕಾ! ಆಕಿಗೆ ಮಾತು ಕೊಡ್ರೀ!" ಎಂದು ಕಟ್ಟಡವೇ ನಡುಗುವಂತೆ ಕೂಗಿದೆ.

"ಸುಮ್ಮನಿರಿ ಮಾರಾಯ್ರೆ. ಅವಳು ಇನ್ನೂ ಕೇಳ್ಲಿಲ್ಲ."

"ಕೇಳೂದಂದ್ರ? ಮರತಾಳ್ರೀ!"

"ಎಲ್ಲ ಮೌನ ಮರೆವಲ್ಲ ಬಸವಂತಣ್ಣ. ಕೆಲವು ಅವರದ್ದೇ ಇರ್ತದೆ. ಕಣ್ಣು ಈಚೆ ತಿರುಗಿದ ಮೇಲೆಯೇ ಕೊಡ್ಬೇಕು."

ಎಷ್ಟು ಹೊತ್ತು? ನನಗೆ ಒಂದು ಅಂಕದಷ್ಟು. ವಿಕ್ಟೋರಿಯಾ ಕಣ್ಣೆತ್ತಿ ನಮ್ಮತ್ತ, ಅಂದರೆ ತನ್ನ ಕ್ಯಾಮೆರಾದತ್ತ ನೋಡಿದಳು. ನೋಡಿದ್ದೇ ತಡ, ಉಮಕ್ಕನ ಬೆರಳು ಕೀಬೋರ್ಡಿನ ಮೇಲೆ ಆಡಿತು. ಇಂಗ್ಲಿಷಿನಲ್ಲಿ ಎರಡೇ ಪದ. ಕನ್ನಡದಲ್ಲಿ ಹೇಳಿದರೆ: "ಅಮ್ಮ ಕೇಳಿದಳು". ಸಮುದ್ರಗಳ ಆಚೆ ಆ ಹುಡುಗಿ ಓದಿದಳು, ಉಸಿರು ತೆಗೆದುಕೊಂಡಳು, "ಅಮ್ಮ ಕೇಳಿದಳು, ಡಬ್ಬಿ ಯಾಕೆ ಭಾರ" ಎಂದು ಹಾಡು ಎತ್ತಿದಳು. ಕೊನೆಯವರೆಗೂ ಹಾಡಿದಳು. ಮುಗಿಸಿ ಕೇಳಿದಳು, "ಉಮಾವತಿ ಯಾರು? ಎಲ್ಲಿದ್ದೀರಿ?" ಉಮಕ್ಕ ಬರೆದರು: "ಇಲ್ಲೇ ಇದ್ದೇನೆ. ಮುಂದಿನ ಗುರುವಾರವೂ ಇರುತ್ತೇನೆ."

ಗಿಟಾರ್ ಕೊಳ್ಳಲು ಬಂದವನು ಬರಿಗೈಯಲ್ಲಿ ಹೋದ. ಅದಾದ ಮೇಲೆ ನಾನು ಕೇಳಿದೆ, "ಪೂರಾ ಸಾಲು ಯಾಕ ಕೊಡಲಿಲ್ಲ?" ಅವರೆಂದರು, "ಎರಡು ಪದ ಸಾಕು. ಮೂರನೇದು ಕೊಟ್ರೆ ಹಾಡು ನಮ್ಮದಾಗ್ತದೆ."

ಹೋದ ತಿಂಗಳು ವಿಕ್ಟೋರಿಯಾಳ ಮೊದಲ ಸಿ.ಡಿ. ಅಂಚೆಯಲ್ಲಿ ಬಂತು. ನೋಡಿ, ನನ್ನ ಜೇಬಿನಲ್ಲಿದೆ. ಹಿಂಬದಿಯಲ್ಲಿ ಹೆಸರುಗಳು: ಗಿಟಾರ್ ಇಂಥವರು, ಡ್ರಮ್ ಇಂಥವರು. ಕೊನೆಯಲ್ಲಿ: ಪ್ರಾಂಪ್ಟರ್, ಉಮಾವತಿ, ಅಲ್ ಖುವೈರ್, ಒಮಾನ್.

ಚಪ್ಪಾಳೆ ತಟ್ಟಬೇಡಿ. ತಡೆಯಿರಿ. ಅಂದು ನಾನು ಮನೆಗೆ ಹೋಗಿ ನಮ್ಮ ಹದಿನಾಲ್ಕು ನಾಟಕಗಳ ಕರಪತ್ರ ತೆಗೆದು ನೋಡಿದೆ. ಬೆಳಕು ಯಾರು, ಇದೆ. ಕುರ್ಚಿ ಜೋಡಿಸಿದವರು, ಇದ್ದಾರೆ. ಚಹಾ ಕಾಸಿದವರೂ ಇದ್ದಾರೆ. ಉಮಾವತಿ ಎಂಬ ಹೆಸರು ಒಂದರಲ್ಲೂ ಇಲ್ಲ. ಬರೆಸಿದವನು ನಾನು. ಮೊದಲ ಹತ್ತು ವರ್ಷ ಅದು ಮರೆವು. ಆಮೇಲಿನ ನಾಲ್ಕು ವರ್ಷ ಮರೆವಲ್ಲ.

ಉಮಕ್ಕಾ, ಹಾಳೆ ತಿರುವಬೇಡಿ. ಇದು ಅದರಲ್ಲಿಲ್ಲ.

ಹತ್ತನೇ ನಾಟಕ. ಮೂರನೇ ಅಂಕ. ಮೂವತ್ತೊಂದನೇ ಪುಟದಲ್ಲಿದ್ದ ರಾಜ ನೇರವಾಗಿ ಮೂವತ್ತೆಂಟನೇ ಪುಟಕ್ಕೆ ಹಾರಿದ. ನಡುವಿನ ಆರು ಪುಟ ರಾಣಿಯದು. ರಾಣಿಯಾಗಿದ್ದ ನಮ್ಮ ಪ್ರಿಯಾಂಕಾ ಎರಡು ತಿಂಗಳು ಅದನ್ನೇ ಕಲಿತಿದ್ದಳು. ಊರಿನಿಂದ ಅವಳ ತಾಯಿ ಅದನ್ನೇ ನೋಡಲು ಬಂದಿದ್ದರು. ನನ್ನ ಕಣ್ಣು ಎಡಗಡೆ ತಿರುಗಿತು. ಪರದೆಯ ಹಿಂದೆ ಸರಸರ ಹಾಳೆ ಮಗುಚಿದ ಸದ್ದು. ನಾನು ಎಲ್ಲಿ ಬಿದ್ದಿದ್ದೇನೆಂದು ಹುಡುಕಿ ಎರಡು ಪದ ಬಂದವು. ನಾಟಕ ಉಳಿಯಿತು. ನನಗೆ ಹಾರ ಬಿತ್ತು. ಗ್ರೀನ್ ರೂಮಿನಲ್ಲಿ ಪ್ರಿಯಾಂಕಾ ಅಳುತ್ತ ಕೇಳಿದಳು, "ನನ್ನ ಸೀನ್ ಎಲ್ಲಿ ಹೋತ್ರೀ ಅಣ್ಣಾರ?" ಕೊರಳಲ್ಲಿ ಹಾರ ಇತ್ತು ನನಗೆ. "ಪ್ರಾಂಪ್ಟರ್ ಪುಟ ತಪ್ಪಿಸಿದರು" ಎಂದೆ.

ಎಲ್ಲರೂ ಉಮಕ್ಕನತ್ತ ತಿರುಗಿದರು. ಅವರು ನನ್ನ ಮುಖ ಒಮ್ಮೆ ನೋಡಿ, ಪುಸ್ತಕ ಮುಚ್ಚಿ, "ಹೌದು, ಎರಡು ಮೂರು ಹಾಳೆ ಒಟ್ಟಿಗೇ ತಿರುಗಿತು" ಎಂದರು. ಅಲ್ಲಿಂದ ಪ್ರಿಯಾಂಕಾ ಅವರ ಜೊತೆ ಮಾತಾಡಲಿಲ್ಲ. ಕಳೆದ ವರ್ಷ ಧಾರವಾಡಕ್ಕೆ ಹೊರಟಾಗ ಎಲ್ಲರಿಗೂ ಹೇಳಿ ಹೋದಳು, ಉಮಕ್ಕನಿಗೆ ಹೇಳಲಿಲ್ಲ. ನನ್ನ ಕಾಲು ಮುಟ್ಟಿ ಹೋದಳು, ಸಭಿಕರೇ! ನನ್ನ ಕಾಲು!

ಕರಪತ್ರದಲ್ಲಿ ಹೆಸರು ಹಾಕಿದರೆ ಯಾರಾದರೂ ಆ ನಾಟಕದ ಮಾತು ತೆಗೆಯುತ್ತಾರೆಂದು ಹೆದರಿದೆ. ಇಷ್ಟೇ. ತಪ್ಪು ನನ್ನದು. ಪುಟ ಹಾರಿಸಿದವನು ನಾನು, ಸುಳ್ಳು ಹೇಳಿದವನೂ ನಾನು. ಮುಂದಿನ ಸಾಲಿನಲ್ಲಿ ನಮ್ಮ ಹುಲಿಗೆವ್ವ ಫೋನ್ ಹಿಡಿದು ಕುಳಿತಿದ್ದಾಳಲ್ಲ, ಅದು ನನ್ನ ಅಂದ ನೋಡಲಿಕ್ಕಲ್ಲ. ಈ ರೆಕಾರ್ಡಿಂಗ್ ಇವತ್ತೇ ಧಾರವಾಡಕ್ಕೆ ಹೋಗುತ್ತದೆ.

ಉಮಕ್ಕಾ, ನಿಮ್ಮನ್ನು ಕ್ಷಮೆ ಕೇಳುತ್ತೇನೆ. ಉತ್ತರ ಈಗಲೇ ಬೇಡ. ಕೆಲವು ಮೌನ ನಿಮ್ಮದೇ.

ಅಧ್ಯಕ್ಷರು ಮತ್ತೆ ಗಡಿಯಾರ ನೋಡಿದರು. ಸಭಾಂಗಣದವರಿಗೆ, ದೀಪದವರಿಗೆ, ಹೊಟ್ಟೆ ಹಸಿದರೂ ಕುಳಿತ ನಿಮಗೆ, ಸಿ.ಡಿ.ಯ ಹಿಂದೆ ಒಂದು ಹೆಸರು ಬರೆದು ನನಗೆ ಬುದ್ಧಿ ಕಲಿಸಿದ ವಿಕ್ಟೋರಿಯಾಳಿಗೆ ನನ್ನ ಕೃತಜ್ಞತೆಗಳು. ಇನ್ನು ಒಂದೇ ಪದ ಬಾಕಿ. ಅದು ನಾಲ್ಕನೇ ಹಾಳೆಯ ಕೊನೆಯ ಸಾಲಿನಲ್ಲಿದೆ. ನನಗೆ ಮರೆತುಹೋಗಿದೆ.

ನಿಜವಾಗಿಯೂ ಮರೆತಿದ್ದೇನೆ. ನೋಡಿ, ಕಣ್ಣು ಎಡಗಡೆ ತಿರುಗಿಸಿದ್ದೇನೆ. ಕೊಡಿ.

ಅಲ್ಲಿಂದ ಕೇಳಿಸುವುದಿಲ್ಲ ಉಮಕ್ಕಾ. ಇಲ್ಲಿ, ಬೆಳಕಿಗೆ ಬಂದು ಕೊಡಿ. ನೀವು ಬರುವ ತನಕ ಈ ರಾಜ ಇಲ್ಲೇ ನಿಂತಿರುತ್ತಾನೆ.

ತೃಷಾ, ಅಮ್ಮನ ಕೈ ಹಿಡಿದುಕೋ ಮಗಾ, ಅಲ್ಲಿ ವೈರು ಇದೆ. ಹಾಂ. ಬನ್ನಿ. ಇನ್ನೊಂದು ಹೆಜ್ಜೆ. ಈಗ ಕೊಡಿ. ಪೂರ್ತಿ ಬೇಡ, ಎರಡು ಅಕ್ಷರ ಸಾಕು.

ಹಾಂ. ಸಿಕ್ಕಿತು.

ನಮಸ್ಕಾರ.