ಗಾಜಿನ ಕೋಣೆಯ ಹೊರಗೆ

ಟೈಲರ್ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ದಂಪತಿ ಹೊಸ ಕೋಟಿಗೆ ಕಾಯುತ್ತಿದ್ದರು. ಗಂಡ ಒಂದು ಚೀಟಿಯನ್ನು ಮತ್ತೆ ಮತ್ತೆ ಬಿಡಿಸಿ ಓದಿ ಮಡಚುತ್ತಿದ್ದರು.

"ಮಗಳ ಮದುವೇಲಿ ಎರಡು ಮಾತಾಡೋಕೆ ಇಷ್ಟು ಭಯಾನಾ? ದಿನಾ ರೈಲ್ವೆ ಸ್ಟೇಷನ್‌ನಲ್ಲಿ ಊರಿಗೆಲ್ಲ ಕೇಳೋ ಹಾಗೆ ಅನೌನ್ಸ್ ಮಾಡ್ತೀರಲ್ರೀ!"

"ಅಲ್ಲಿ ಗಾಜಿನ ಕೋಣೇಲಿ ಒಬ್ಬನೇ ಇರ್ತೀನಿ ಕಣೇ. ಯಾರ ಮುಖಾನೂ ನೋಡಬೇಕಾಗಿಲ್ಲ."

"ಹಾಗಾದ್ರೆ ಕಣ್ಣು ಮುಚ್ಕೊಂಡು ಮಾತಾಡಿ."

"ಬೆಳಿಗ್ಗೆ ಬಚ್ಚಲುಮನೇಲಿ ಹಾಗೇ ಮಾಡಿ ನೋಡ್ದೆ. 'ನನ್ನ ಮಗಳು' ಅಂದವನು ಅಲ್ಲಿಗೇ ನಿಲ್ಲಿಸಿ, ನಲ್ಲಿ ತಿರುಗಿಸಿ ಮುಖ ತೊಳ್ಕೊಂಡೆ."

"ಕೋಟು ಹಾಕ್ಕೊಂಡ್ರೆ ಧೈರ್ಯ ತಾನಾಗೇ ಬರುತ್ತೆ, ಸುಮ್ನಿರಿ."

"ಇಷ್ಟು ವರ್ಷ ಹೊರಡೋ ರೈಲುಗಳನ್ನೇ ಕೂಗಿ ಹೇಳಿದೀನಿ. ಯಾವುದರಲ್ಲೂ ನಮ್ಮ ಮಗು ಇರ್ಲಿಲ್ಲ ಕಣೇ."

ಟೈಲರ್ ಒಳಗಿನಿಂದ ಕರೆದ. ಗಂಡ ಎದ್ದು ಹೋದರು. ಅಷ್ಟು ಹೊತ್ತು ಧೈರ್ಯ ಹೇಳಿದ್ದ ಹೆಂಡತಿಗೆ ಮಾತ್ರ ತಕ್ಷಣ ಏಳಲಾಗಲಿಲ್ಲ.